ಮೂವತ್ತೊಂದನೆಯ ಪುಟ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಬೇಸರವಿಲ್ಲದೆ ಓಗೊಡುತ್ತಿದ್ದಳು. ಹದಿನೇಳು ವರ್ಷಗಳಿಂದ ಅವಳು ಮಾಡಿಕೊಂಡು ಬಂದದ್ದು ಒಂದೇ ಕೆಲಸ. ಗುರುತು ಪರಿಚಯ ಇಲ್ಲದವರ ಮನೆಗೆ ಹೋಗಿ, ಎದುರು ಕೂತು, ಅವರ ಬದುಕನ್ನು ಅವರ ಬಾಯಿಂದಲೇ ಕೇಳಿ, ಆಡಿದ್ದನ್ನು ಒಂದಕ್ಷರ ಬಿಡದೆ ಬರೆದು ಸಂಶೋಧಕರ ಮೇಜಿನ ಮೇಲೆ ಇಡುವುದು. ನಾಲ್ಕು ಪ್ರಶ್ನೆ ಕೇಳಿ, ಹೌದು-ಇಲ್ಲ ಎಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ಓಡುವ ಸಮೀಕ್ಷೆಯವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳದು ಎರಡು ಮೂರು ಗಂಟೆಯ ಮಾತುಕತೆ, ಒಬ್ಬರ ಎದುರು ಒಬ್ಬರೇ, ನಡುವೆ ಬೆಂಕಿಪೊಟ್ಟಣದಷ್ಟು ಪುಟ್ಟ ರೆಕಾರ್ಡರು. ಊರಿನವರ ಮಾತನ್ನೆಲ್ಲ ಮೈಯೆಲ್ಲ ಕಿವಿಯಾಗಿ ಕೇಳುತ್ತೀಯ, ಸಕ್ಕರೆ ಮುಗಿದಿದೆ ಎಂದು ನಾನು ಅಂದದ್ದು ಮಾತ್ರ ನಿನಗೆ ಕೇಳಿಸುವುದಿಲ್ಲ ಎಂದು ಗಂಡ ರೇಗಿಸುತ್ತಿದ್ದ.

ಈ ಕಸುಬಿನಲ್ಲಿ ಪ್ರಶ್ನೆಗಿಂತ ದೊಡ್ಡ ಹತಾರ ಸುಮ್ಮನಿರುವುದು. ಎದುರಿನವರು ಮಾತು ಮುಗಿಸಿದ ಕೂಡಲೇ ಇನ್ನೊಂದು ಪ್ರಶ್ನೆ ಎಸೆಯಬಾರದು. ಮೆತ್ತಗೆ ನೋಡುತ್ತ, ಮನಸ್ಸಿನಲ್ಲೇ ಹನ್ನೆರಡರ ತನಕ ಎಣಿಸಬೇಕು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರಬಲ್ಲವರು ಕಡಿಮೆ. ಏಳಕ್ಕೋ ಎಂಟಕ್ಕೋ ಗಂಟಲು ಸರಿಮಾಡಿಕೊಂಡು, ಯಾವುದನ್ನು ಹೇಳಬಾರದು ಎಂದು ಗಂಟು ಕಟ್ಟಿಟ್ಟಿದ್ದರೋ ಅದನ್ನೇ ಮೊದಲು ಬಿಚ್ಚುತ್ತಾರೆ. ಹೊಸಬರಿಗೆ ಅವಳು ಇದನ್ನೇ ಪಾಠ ಮಾಡುತ್ತಿದ್ದಳು. ಬಿಚ್ಚಿಸಿದ್ದನ್ನು ಮತ್ತೆ ಕಟ್ಟಿಕೊಡುವುದು ಹೇಗೆ ಎಂದು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

ಆ ವರ್ಷ ಕೈಗೆ ಬಂದ ಕೆಲಸ ಹಳೆಯದೊಂದು ಬೆಂಕಿಯದು. ಇಪ್ಪತ್ತೆರಡು ವರ್ಷದ ಹಿಂದೆ, ಊರ ಅಂಚಿನ ಹಾಸಿಗೆ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ಹನ್ನೊಂದು ಹೆಂಗಸರು ಸತ್ತಿದ್ದರು. ಹಿಂದಿನ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು. ಆ ಬಾಗಿಲು ಕಾವಲುಗಾರನ ಸುಪರ್ದಿಯಲ್ಲಿತ್ತು. ನಾನು ಹಾಕಲಿಲ್ಲ ಎಂದು ಅವನು ಎಷ್ಟು ಗೋಗರೆದರೂ ಯಾರೂ ನಂಬಲಿಲ್ಲ. ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದು, ವರ್ಷ ತುಂಬುವುದರೊಳಗೆ ಸತ್ತ. ಈಗ ಅಲ್ಲಿ ಬದುಕಿ ಉಳಿದವರು ಹೇಗಿದ್ದಾರೆ ಎಂದು ಒಂದು ಸಂಸ್ಥೆಗೆ ತಿಳಿಯಬೇಕಾಗಿತ್ತು. ಅದರ ಮುಖ್ಯಸ್ಥರಾದ ಪ್ರೊಫೆಸರು ನಿಜವಾಗಿಯೂ ಒಳ್ಳೆಯ ಮನುಷ್ಯ. ಅವರದೊಂದು ನಿಯಮ: ಮಾತಾಡಿದವರ ಮಾತು ಮಾತಾಡಿದವರದೇ ಸ್ವತ್ತು, ಆದ್ದರಿಂದ ಅದನ್ನು ಟೈಪು ಮಾಡಿ, ಮೊಹರು ಮಾಡಿದ ಲಕೋಟೆಯಲ್ಲಿ ಅವರ ಕೈಗೇ ಕೊಡಬೇಕು. ಅವರು ಓದಿ, ಬೇಡದ್ದನ್ನು ಹೊಡೆದುಹಾಕಿ, ಕೊನೆಯ ಹಾಳೆಗೆ ಸಹಿ ಮಾಡಬೇಕು. ಸಭೆಯಲ್ಲಿ ಎಲ್ಲರೂ ತಲೆದೂಗಿದರು, ಎಲ್ಲರಿಗಿಂತ ಹೆಚ್ಚಾಗಿ ಕಿವಿಯಮ್ಮ. ಆ ಕೋಣೆಯಲ್ಲಿ ಕೂತವರೆಲ್ಲ ಓದು ಬಲ್ಲವರು. ಓದು ಬಾರದವರು ಎಂಬ ಜಾತಿಯೊಂದಿದೆ ಎಂದು ಅವರ ತಲೆಗೆ ಹೊಳೆಯಲೇ ಇಲ್ಲ. ಹೊಳೆದರೂ, ಮಾಹಿತಿ ಹಾಳೆಯಲ್ಲಿ 'ವಿದ್ಯಾಭ್ಯಾಸ' ಎಂಬ ಕಲಮು ಇದೆಯಲ್ಲ, ಅದನ್ನು ನೋಡಿದರಾಯಿತು ಎಂದು ಮುಂದಕ್ಕೆ ಹೋಗುತ್ತಿದ್ದರು.

ಹದಿನಾಲ್ಕನೆಯ ಸಂದರ್ಶನ ಒಬ್ಬ ಹೊಲಿಗೆಯವಳದು. ಬೀದಿಯವರಿಗೆಲ್ಲ ಅವಳು ಮೆಷಿನ್ ಅಕ್ಕ. ಎರಡೇ ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಹಗ್ಗದ ಮೇಲೆ ಪರರ ಬಟ್ಟೆ. ಬೆಂಕಿಯಲ್ಲಿ ಸತ್ತ ಹನ್ನೊಂದು ಜನರಲ್ಲಿ ಒಬ್ಬಳು ಅವಳ ಸ್ವಂತ ತಂಗಿ. ಸಾಯುವಾಗ ತಂಗಿಗೆ ಎಂಟು ತಿಂಗಳ ಗಂಡು ಕೂಸಿತ್ತು. ಕೂಸಿನ ಅಪ್ಪ ವರ್ಷ ಕಳೆಯುವುದರೊಳಗೆ ಇನ್ನೊಂದು ಮದುವೆಯಾಗಿ ಎಲ್ಲೋ ಹೋದ. ಕೂಸನ್ನು ಮೆಷಿನ್ ಅಕ್ಕನೇ ಸಾಕಿದಳು, ತಾನು ಮದುವೆಯ ಮಾತೆತ್ತದೆ. ಈಗ ಅವನು ಲಿಫ್ಟ್ ರಿಪೇರಿ ಕೆಲಸದಲ್ಲಿದ್ದಾನೆ. ಅವಳು ದೊಡ್ಡಮ್ಮ ಎಂದು ಅವನಿಗೆ ಗೊತ್ತು, ಕರೆಯುವುದು ಮಾತ್ರ ಅಮ್ಮ ಎಂದು.

ಸಂದರ್ಶನಕ್ಕೆ ಒಪ್ಪಿಸಿದವನೂ ಅವನೇ. ಅಮ್ಮ ಆ ದಿನದ ಬಗ್ಗೆ ಬಾಯಿಯೇ ಬಿಡುವುದಿಲ್ಲ, ನನ್ನ ಹೆತ್ತವಳು ಹೇಗಿದ್ದಳು ಎಂದು ಕೇಳಿದರೂ ಸೂಜಿಗೆ ದಾರ ಹಾಕುತ್ತ ಕೂರುತ್ತಾಳೆ, ನೀವಾದರೂ ಮಾತಾಡಿಸಿ ಎಂದು ಕಿವಿಯಮ್ಮನಿಗೆ ಹೇಳಿ ಅವನು ಕೆಲಸಕ್ಕೆ ಹೋದ. ಒಪ್ಪಿಗೆ ಪತ್ರದ ಎರಡು ಹಾಳೆಯನ್ನು ಅಕ್ಕನ ಕೈಗೆ ಕೊಟ್ಟು, ಓದಿ ಸಹಿ ಮಾಡಿ ಎಂದಾಗ ಅವಳು ಮಾಡಿದಳು. ಎಷ್ಟು ಓದಿದ್ದೀರಿ ಎಂದರೆ ಏಳನೆಯ ಕ್ಲಾಸು ಎಂದಳು. ಕಿವಿಯಮ್ಮ ಬರೆದುಕೊಂಡಳು.

ಒಂದು ಗಂಟೆಯ ಕಾಲ ಮಾತು ನೇರವಾಗಿ ಹರಿಯಿತು. ಅಕ್ಕ ಹೊಲಿಗೆ ಸಾಲಿನ ಮುಖ್ಯಸ್ಥೆಯಾಗಿದ್ದಳು, ತಂಗಿ ಅದೇ ಸಾಲಿನಲ್ಲಿ ಮೂರನೆಯ ಯಂತ್ರದವಳು. ತಂಗಿಗೆ ನಗು ಬಂದರೆ ನಿಲ್ಲುತ್ತಿರಲಿಲ್ಲವಂತೆ, ಬಾಯಿಗೆ ಬಟ್ಟೆಯ ತುಂಡು ತುರುಕಿಕೊಳ್ಳುತ್ತಿದ್ದಳಂತೆ. ಸಂಜೆ ಸಾಲಿನ ದಿನಚರಿ ಪುಸ್ತಕವನ್ನು ಅಕ್ಕನ ಬದಲು ಅವಳೇ ಬರೆದುಕೊಡುತ್ತಿದ್ದಳಂತೆ. ಇದನ್ನೆಲ್ಲ ಹೇಳಿ ಅಕ್ಕ ಸುಮ್ಮನಾದಳು. ಕಿವಿಯಮ್ಮ ಎಣಿಸತೊಡಗಿದಳು. ಒಂಬತ್ತಕ್ಕೆ ಅಕ್ಕ ಬಾಯಿ ತೆರೆದಳು.

"ಅಗುಳಿ ಹಾಕಿದ್ದು ಆ ಕಾವಲುಗಾರ ಅಲ್ಲ. ನಾನು."

ಆಮೇಲೆ ತಡೆಯಿರಲಿಲ್ಲ. "ಮಗೂನ ಪಕ್ಕದ ಬೀದೀಲಿ ಒಬ್ಬ ಅಜ್ಜಿ ಹತ್ರ ಬಿಟ್ಟಿದ್ಲು. ಹಾಲು ಕೊಡೋಕೆ ಅಂತ ಹಿಂದಿನ ಬಾಗಿಲಿಂದ ಓಡೋಳು. ಒಬ್ಬಳು ಎದ್ದು ಹೋದ್ರೆ ಇಡೀ ಸಾಲನ್ನೇ ಸಂಜೆ ಒಂದು ಗಂಟೆ ಜಾಸ್ತಿ ಕೂರಿಸೋರು. ತಂಗಿ ಅಂತ ಬಿಟ್ಕೊಂಡಿದ್ದೀಯ ಅಂತ ಎಲ್ರೂ ನನ್ನ ಮುಖಕ್ಕೇ ಉಗೀತಿದ್ರು. ಅವತ್ತು ಆಗ್ಲೇ ಎರಡು ಸಲ ಹೋಗಿ ಬಂದಿದ್ಲು. ನಾನು ನೂಲು ತರೋಕೆ ಅಂಗಳದ ಆಚೆ ಗೋದಾಮಿಗೆ ಹೊರಟೆ. ಹೋಗ್ತಾ ಅಗುಳಿ ಎಳೆದೆ. ಒಂದು ಗಂಟೆ ಅಲ್ಲಾಡದೆ ಕೂತಿರ್ಲಿ ಅಂತ. ಅಷ್ಟೇ."

ಗೋದಾಮಿನಿಂದ ತಿರುಗಿ ಬರುವಾಗ ಅಂಗಳವೆಲ್ಲ ಹೊಗೆ. ಬಾಗಿಲ ಹತ್ತಿರ ಸುಳಿಯಲಾಗಲಿಲ್ಲ. ಒಳಗಿನಿಂದ ಬಡಿಯುವುದು ಮಾತ್ರ ಕೇಳುತ್ತಿತ್ತು. ಕೋರ್ಟಿನಲ್ಲಿ ಕೇಳಿದಾಗ, ಅಗುಳಿ ಹಾಕಿದವರನ್ನು ನಾನು ನೋಡಿಲ್ಲ ಎಂದು ಹೇಳಿ ಕೆಳಗಿಳಿದಳು.

ಕಿವಿಯಮ್ಮನಿಗೆ ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳಿಗೆ ಖುಷಿಯಾಯಿತು. ಹದಿಮೂರು ಜನ ಕೊಡದೆ ಉಳಿಸಿಕೊಂಡದ್ದು ಹದಿನಾಲ್ಕನೆಯವಳ ಬಾಯಿಂದ ಬಿತ್ತಲ್ಲ ಎಂಬ ಕಸುಬಿನ ಖುಷಿ. ಎದುರಿನವಳ ಕೈ ಹಿಡಿಯಬೇಕಾದ ಹೊತ್ತಿನಲ್ಲಿ ಅವಳು ಓರೆಗಣ್ಣಿನಿಂದ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿಕೊಂಡಳು. ಉರಿಯುತ್ತಿತ್ತು. "ಆಮೇಲೆ?" ಎಂದಳು.

ಅಗುಳಿಯ ಮಾತು ಮುಗಿಸಿ ಅಕ್ಕ ಅವಳ ಮೊಣಕೈ ಹಿಡಿದುಕೊಂಡು ಕೇಳಿದಳು. "ಇದು ಎಲ್ಲೂ ಹೋಗಲ್ಲ ಅಲ್ವಾ? ಅವನಿಗೆ ಗೊತ್ತಾದ ದಿನ ನಾನು ಬದುಕಿರಲ್ಲ."

"ನಿಮ್ಮ ಹೆಸರು ಎಲ್ಲೂ ಬರಲ್ಲ ಅಕ್ಕಾ. ನೀವು, ನಾನು, ಇಷ್ಟೇ" ಎಂದಳು ಕಿವಿಯಮ್ಮ. ಇದನ್ನು ಅವಳು ಮುನ್ನೂರಕ್ಕೂ ಹೆಚ್ಚು ಜನರಿಗೆ ಹೇಳಿದ್ದಳು, ಮುನ್ನೂರು ಸಲವೂ ನಂಬಿಯೇ ಹೇಳಿದ್ದಳು.

ಟೈಪು ಮಾಡಿದಾಗ ನಲವತ್ತಾರು ಪುಟವಾಯಿತು. ಅಗುಳಿಯ ಮಾತು ಮೂವತ್ತೊಂದನೆಯ ಪುಟದಲ್ಲಿ ಶುರುವಾಗಿ ಮೂವತ್ತೆರಡರ ಕೊನೆಗೆ ಮುಗಿಯುತ್ತಿತ್ತು. ಲಕೋಟೆ ಹಿಡಿದುಕೊಂಡು ಕಿವಿಯಮ್ಮ ಹೋದ ದಿನ ಅಕ್ಕನ ಮನೆಯಲ್ಲಿ ರವಿಕೆಯ ಅಳತೆ ಕೊಡಲು ಬಂದ ಇಬ್ಬರು ಹೆಂಗಸರಿದ್ದರು, ಮಗನೂ ಬಾಗಿಲಲ್ಲಿ ಬೂಟು ಕಟ್ಟಿಕೊಳ್ಳುತ್ತಿದ್ದ. ಇಷ್ಟು ಕಿವಿಗಳ ನಡುವೆ ಬಿಡಿಸಿ ಹೇಳಿದರೆ ಗುಟ್ಟು ಗುಟ್ಟಾಗಿ ಉಳಿಯುತ್ತದೆಯೇ? ಅದಕ್ಕೆ ಅವಳು ಜಾಣತನ ಮಾಡಿ, ಕಚೇರಿಯ ಕಾಗದ ಅಕ್ಕಾ, ನೀವು ಒಬ್ಬರೇ ಕೂತು ಓದಿ, ಬೇಡದ್ದಕ್ಕೆ ಗೀಟು ಹಾಕಿ ಸಹಿ ಮಾಡಿಡಿ, ವಾರ ಬಿಟ್ಟು ಬರುತ್ತೇನೆ ಎಂದಷ್ಟೇ ಅಂದಳು. ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೂಂಗುಟ್ಟಿ ಲಕೋಟೆಯನ್ನು ಯಂತ್ರದ ಪಕ್ಕಕ್ಕಿಟ್ಟಳು. ಎಷ್ಟು ಜೋಪಾನವಾಗಿ ಕೆಲಸ ಮುಗಿಸಿದೆ ಎಂದು ಬೆನ್ನು ತಟ್ಟಿಕೊಳ್ಳುತ್ತ ಕಿವಿಯಮ್ಮ ಬಸ್ಸು ಹತ್ತಿದಳು.

ಏಳನೆಯ ದಿನ ಮಧ್ಯಾಹ್ನ, ಟಿಪ್ಪಣಿ ಬರೆಯಲೆಂದು ಕಚೇರಿಯಲ್ಲಿ ಕೂತು ಅವಳು ಆ ರೆಕಾರ್ಡಿಂಗನ್ನು ಮತ್ತೆ ಮೊದಲಿನಿಂದ ಕೇಳಿದಳು. ಟೈಪು ಮಾಡುವಾಗ ಒಪ್ಪಿಗೆ ಪತ್ರದ ಭಾಗವನ್ನು ಯಾರೂ ಕೇಳುವುದಿಲ್ಲ, ಹಾರಿಸಿಬಿಡುತ್ತಾರೆ. ಈ ಸಲ ಕೇಳಿದಳು. 'ಓದಿ ಸಹಿ ಮಾಡಿ' ಎಂಬ ತನ್ನದೇ ಧ್ವನಿ. ಹಾಳೆ ಮಗುಚಿದ ಸದ್ದು. ತಕ್ಷಣ ಪೆನ್ನು ಗೀರಿದ ಸದ್ದು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ನಾಲ್ಕು ಸೆಕೆಂಡು. ಎರಡು ಹಾಳೆಯನ್ನು ನಾಲ್ಕು ಸೆಕೆಂಡಿನಲ್ಲಿ ಓದುವವರು ಯಾರಿದ್ದಾರೆ? ದಿನಚರಿ ಪುಸ್ತಕವನ್ನು ತಂಗಿಯೇ ಬರೆದುಕೊಡುತ್ತಿದ್ದಳು ಎಂಬ ಮಾತು ಆಗ ನೆನಪಾಯಿತು. ಅಕ್ಕನಿಗೆ ಓದಲು ಬಾರದು. ಓದಲು ಬಾರದವಳ ಮನೆಗೆ ಕಾಗದ ಬಂದರೆ ಓದಿ ಹೇಳುವವರು ಯಾರು? ಆ ಮನೆಯಲ್ಲಿ ಇರುವವರೇ ಇಬ್ಬರು.

ಫೋನು ಹತ್ತು ಸಲ ಹೊಡೆದುಕೊಂಡರೂ ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಕೂತ ಮುಕ್ಕಾಲು ಗಂಟೆ ಅವಳು ತನಗೆ ತಾನೇ ಹಿಡಿಶಾಪ ಹಾಕಿಕೊಂಡಳು. ಅವನಿಗೆ ಗೊತ್ತಾದ ದಿನ ನಾನು ಬದುಕಿರಲ್ಲ ಎಂದವಳ ಮನೆಗೆ ಗೊತ್ತುಮಾಡುವ ಕಾಗದವನ್ನು ತಾನೇ ಮೊಹರು ಹಾಕಿ ತಲುಪಿಸಿದ್ದಳು.

ಹೊಲಿಗೆ ಯಂತ್ರದ ಸದ್ದು ಬೀದಿಯ ತಿರುವಿಗೇ ಕೇಳಿಸಿತು. ಅಕ್ಕ ಬದುಕಿದ್ದಳು, ಹೊಲಿಯುತ್ತಿದ್ದಳು. ಕಿವಿಯಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಉಸಿರು ಬಿಟ್ಟಳು. ಯಂತ್ರದ ಪಕ್ಕದಲ್ಲಿ ಲಕೋಟೆ ಬಾಯಿ ಬಿಟ್ಟುಕೊಂಡಿತ್ತು, ಹಾಳೆಗಳನ್ನು ಬಟ್ಟೆಯ ಕ್ಲಿಪ್ಪಿನಿಂದ ಎರಡು ಭಾಗ ಮಾಡಿ ಇಡಲಾಗಿತ್ತು.

ಅಕ್ಕ ನಾಚಿಕೊಂಡೇ ಎಲ್ಲ ಹೇಳಿದಳು. ಏಳನೆಯ ಕ್ಲಾಸು ಎಂದದ್ದು ಸುಳ್ಳು. ಸಾಲಿನ ಮುಖ್ಯಸ್ಥೆ ಆಗಬೇಕಾದರೆ ಅಷ್ಟು ಓದಿರಬೇಕಿತ್ತು, ಆಗ ಹೇಳಿದ ಸುಳ್ಳು ಹಾಗೇ ಅಂಟಿಕೊಂಡಿತು. ಕರೆಂಟು ಬಿಲ್ಲು, ಮಾತ್ರೆಯ ಚೀಟಿ, ಏನು ಬಂದರೂ ಆರನೆಯ ವಯಸ್ಸಿನಿಂದ ಓದಿ ಹೇಳುವವನು ಮಗನೇ. ಇದನ್ನೂ ಓದುತ್ತಿದ್ದಾನೆ, ದಿನಾ ಸಂಜೆ ಕೆಲಸದಿಂದ ಬಂದು ಐದೈದು ಪುಟ. ನಿನ್ನೆಗೆ ಮೂವತ್ತು ಮುಗಿಯಿತು.

ಮೂವತ್ತು! ದೇವರು ದೊಡ್ಡವನು ಎಂದುಕೊಂಡು ಕಿವಿಯಮ್ಮ ಹಾಳೆಗಳತ್ತ ಕೈ ಚಾಚಿದಳು. ಈಗಲೇ ಎರಡು ಪುಟ ಕಿತ್ತು ಒಯ್ಯುತ್ತೇನೆ, ನನ್ನದು ದೊಡ್ಡ ತಪ್ಪಾಯಿತು, ಅವನು ಬರುವುದರೊಳಗೆ ಕೊಡಿ ಎಂದು ತೊದಲಿದಳು.

ಅಕ್ಕ ಹಾಳೆಗಳ ಮೇಲೆ ತನ್ನ ಕೈಯಿಟ್ಟಳು.

"ಬೇಡ. ಇರ್ಲಿ. ಮೊದಲನೇ ದಿನ ಅವನು ಓದೋಕೆ ಶುರು ಮಾಡ್ದಾಗ ನನಗೆ ಕೈಕಾಲೆಲ್ಲ ಬಿದ್ದುಹೋಯ್ತು. ನಾನು ಕೆಮ್ಮಿದ್ದೂ ಇದೆ ಅದ್ರಲ್ಲಿ. ಅಂದ್ಮೇಲೆ ಅದೂ ಇರತ್ತೆ ಅಂತ ಗೊತ್ತಾಯ್ತು. ಕಿತ್ಕೊಂಡು ಒಲೆಗೆ ಹಾಕೋಣ ಅಂದ್ಕೊಂಡೆ. ಆದ್ರೆ ಅವನು ಅವಳ ನಗು ಬಂದ ಕಡೆ ನಿಲ್ಲಿಸಿ, ಅಮ್ಮಾ ಇದು ಇನ್ನೊಂದ್ಸಲ ಓದ್ತೀನಿ ಅಂದ. ಇಪ್ಪತ್ತೆರಡು ವರ್ಷ ಅವನ ತಾಯೀನ ಅವನಿಗೆ ನಾನು ತೋರಿಸಿರ್ಲಿಲ್ಲ ನೋಡಿ." ಅವಳು ಸ್ವಲ್ಪ ಹೊತ್ತು ಯಂತ್ರದ ಗಾಲಿಯನ್ನು ಸುಮ್ಮನೆ ಆಡಿಸಿದಳು. "ನನ್ನ ಬಾಯಲ್ಲಿ ಅವನಿಗೆ ಹೇಳೋಕೆ ಈ ಜನ್ಮದಲ್ಲಿ ಆಗಲ್ಲ. ಅವನೇ ಓದ್ಲಿ. ಇವತ್ತು ಬರತ್ತೆ ಆ ಪುಟ. ಬೈದ್ರೂ ಬೈಸ್ಕೋತೀನಿ, ಹೊಡೆದ್ರೂ ಹೊಡೆಸ್ಕೋತೀನಿ. ನಾನು ಎದ್ದು ಹೋಗಲ್ಲ."

ನೀವೂ ಇರಿ, ಜೊತೆಗೆ ಒಬ್ಬರಿದ್ದರೆ ಧೈರ್ಯ ಎಂದಳು. ಇನ್ನೊಂದು ಮಾತನ್ನೂ ಸೇರಿಸಿದಳು: ಅವನಿಗೆ ಮೊದಲೇ ಸುಳಿವು ಕೊಡಬೇಡಿ, ನನ್ನ ಮಾತಿನಲ್ಲೇ ಅವನಿಗೆ ಸಿಗಲಿ. ಕಿವಿಯಮ್ಮ ಆಗಲಿ ಎಂದು ತಲೆಯಾಡಿಸಿದಳು.

ಐದೂವರೆಗೆ ಮಗ ಬಂದ. ಕಿವಿಯಮ್ಮನನ್ನು ನೋಡಿ ಹೊಸ್ತಿಲಲ್ಲೇ ಒಂದು ಕ್ಷಣ ನಿಂತ. ಆಮೇಲೆ ಸಹಜವಾಗಿ ನಕ್ಕು, ಅಮ್ಮಾ ಹಾಲು ತರುತ್ತೇನೆ, ಮೇಡಂ ನೀವೂ ಬನ್ನಿ, ಆ ಸಹಿ ಹಾಳೆಯ ಬಗ್ಗೆ ಒಂದು ಕೇಳುವುದಿದೆ ಎಂದು ಕರೆದುಕೊಂಡು ಹೊರಟ. ಅಂಗಡಿ ದಾಟಿ, ಯಾರೂ ಇಲ್ಲದ ಒಂದು ಗೋದಾಮಿನ ಶಟರಿನ ಮುಂದೆ ಅವನು ನಿಂತುಕೊಂಡ.

"ನಾನು ಪೂರ್ತಿ ಓದಿದ್ದೀನಿ" ಎಂದ.

ಅವನು ಅವಳನ್ನು ನೋಡದೆ, ಶಟರಿನ ಬೀಗವನ್ನು ನೋಡುತ್ತ ಹೇಳಿದ. ಮೊದಲ ದಿನ ಐದು ಪುಟ ಓದಿದ ಮೇಲೆ ತಡೆಯಲಾಗಲಿಲ್ಲವಂತೆ. ಮಾರನೆಯ ದಿನ ಹಾಳೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದು ಕಟ್ಟಡದ ಲಿಫ್ಟನ್ನು ನಿಲ್ಲಿಸಿ, ಮೇಲಿನ ಮೆಷಿನ್ ರೂಮಿನಲ್ಲಿ ಕೂತು ಕೊನೆಯ ತನಕ ಓದಿದನಂತೆ. ಕೆಳಗೆ ಜನ ಮೆಟ್ಟಿಲು ಹತ್ತುತ್ತ ಬೈಯುತ್ತಿದ್ದರಂತೆ. ಹನ್ನೆರಡು ವರ್ಷದವನಿದ್ದಾಗ ಅವನು ಕಾವಲುಗಾರನ ಮನೆಯ ಕಿಟಕಿಗೆ ಕಲ್ಲು ಹೊಡೆದಿದ್ದ. ಕಾವಲುಗಾರನ ಮಗಳು ಇವತ್ತಿಗೂ ಇವನನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾಳೆ. ಅವಳಿಗೆ ಏನು ಹೇಳಬೇಕು ಎಂದು ತನಗೆ ಇನ್ನೂ ತೋಚಿಲ್ಲ ಎಂದ. ಅಗುಳಿ ಎಳೆದದ್ದು ತಂಗಿ ಹಾಲುಣಿಸಲು ಓಡದಿರಲಿ ಎಂದು, ಹಾಲು ಕುಡಿಯುತ್ತಿದ್ದವನು ನಾನು, ಹಾಗಾದರೆ ಯಾರಿಗೆ ಬೈಯಲಿ ಹೇಳಿ ಎಂದೂ ಕೇಳಿದ.

"ಅವಳು ಅಷ್ಟು ಹೇಳ್ಕೊಂಡಾಗ ನೀವು 'ಆಮೇಲೆ?' ಅಂದಿದ್ದೀರಿ. ಅದೂ ಬರೆದಿದ್ದೀರಿ" ಎಂದ. ಸಿಟ್ಟಿನಿಂದ ಅಲ್ಲ, ಗಮನಿಸಿದ್ದನ್ನು ಹೇಳುವವನ ಹಾಗೆ.

ಅವನು ಆಗಲೇ ತೀರ್ಮಾನ ಮಾಡಿಕೊಂಡಿದ್ದ. ಇವತ್ತು ಮೂವತ್ತೊಂದು, ಮೂವತ್ತೆರಡು ಬಿಟ್ಟು ನೇರ ಮೂವತ್ತಮೂರಕ್ಕೆ ಹೋಗುತ್ತಾನೆ. ಅವಳಿಗೆ ಪುಟದ ಅಂಕಿ ಗೊತ್ತಾಗುವುದಿಲ್ಲ. ನೀವೇ ಆ ಭಾಗ ಬಿಟ್ಟು ಬರೆದಿದ್ದೀರಿ ಎಂದುಕೊಂಡು ಅವಳು ನೆಮ್ಮದಿಯಾಗಿ ಇರಲಿ ಎಂದ.

"ಅವನಿಗೆ ಗೊತ್ತಾದ ದಿನ ಬದುಕಿರಲ್ಲ ಅಂತ ಅವಳೇ ನಿಮ್ಮ ಹತ್ರ ಅಂದಿದ್ದಾಳಲ್ಲ, ಮೂವತ್ತೆರಡರಲ್ಲಿ. ಒಬ್ಬಳು ಅಮ್ಮ ಆಗ್ಲೇ ಹೋದ್ಲು. ಇವಳೂ ಬೇಡ. ನೀವೂ ಏನೂ ಗೊತ್ತಿಲ್ಲದ ಹಾಗೆ ಕೂತಿರಿ."

ಎರಡು ಮಾತು. ಆ ಹೊತ್ತಿನಲ್ಲಿ ಕಿವಿಯಮ್ಮ ಎರಡು ಮಾತು ಆಡಿದ್ದರೆ ಸಾಕಿತ್ತು: ಕಾಗದದಲ್ಲಿರುವುದು ತಿಂಗಳ ಹಿಂದಿನ ಅಮ್ಮ, ಈಗಿನ ಅಮ್ಮ ನಿನ್ನ ಬಾಯಿಂದಲೇ ಅದನ್ನು ಕೇಳಲು ಕಾದು ಕೂತಿದ್ದಾಳೆ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರ ಬಾಗಿಲಿಗೆ ಒಯ್ಯಬಾರದು ಎಂಬುದು ಅವಳ ಕಸುಬಿನ ಮೊದಲ ಪಾಠ, ಹದಿನೇಳು ವರ್ಷ ಹೊಸಬರ ತಲೆಗೆ ಬಡಿದು ಬಡಿದು ಕೂರಿಸಿದ ಪಾಠ. ಲಕೋಟೆಯ ವಿಷಯದಲ್ಲಿ ಒಂದು ಸಲ ಆಗಲೇ ಕೈ ಸುಟ್ಟುಕೊಂಡಿದ್ದಳು. ಇನ್ನೊಂದು ಸಲ ನಂಬಿಕೆ ಮುರಿಯಲಾರೆ ಎಂದು, ಮುರಿಯಲೇಬೇಕಾಗಿದ್ದ ಹೊತ್ತಿನಲ್ಲಿ, ಆ ಮಹಾತಾಯಿ ನಿಯಮ ಪಾಲಿಸಿದಳು. ಅಮ್ಮನಿಗೆ ಆಡಿಸಿದ ಹಾಗೆಯೇ ಮಗನಿಗೂ ತಲೆಯಾಡಿಸಿದಳು.

ಹಾಲು ಬಂತು, ಟೀ ಆಯಿತು. ಅಕ್ಕ ಅವತ್ತು ಹೊಲಿಗೆಯನ್ನು ಬೇಗ ಎತ್ತಿಟ್ಟು, ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಗೋಡೆಗೆ ಒರಗಿ ಕೂತಳು. ಮಗ ದೀಪದ ಕೆಳಗಿನ ಸ್ಟೂಲಿನ ಮೇಲೆ. ಕಿವಿಯಮ್ಮ ಇಬ್ಬರ ನಡುವೆ, ಬಾಗಿಲಿಗೆ ಹತ್ತಿರ.

'ನಿನ್ನೆ ಎಲ್ಲಿಗೆ ನಿಂತಿತ್ತು ನೋಡೋಣ' ಎಂದು ಅವನು ಮೂವತ್ತನೆಯ ಪುಟದ ಕೊನೆಯ ನಾಲ್ಕು ಸಾಲನ್ನು ಮತ್ತೆ ಓದಿದ. ತಂಗಿ ದಿನಚರಿ ಪುಸ್ತಕ ಬರೆದುಕೊಡುತ್ತಿದ್ದ ಭಾಗ. ಕೊನೆಗೆ ಬ್ರಾಕೆಟ್ಟಿನಲ್ಲಿದ್ದ 'ಮೌನ, ಒಂಬತ್ತು ಸೆಕೆಂಡು' ಎಂಬುದನ್ನೂ ಓದಿದ. ಹಿಂದಿನ ದಿನಗಳಲ್ಲಿ ಅಮ್ಮ ಅಂಥದ್ದು ಬಂದಾಗಲೆಲ್ಲ ನಗುತ್ತಿದ್ದಳಂತೆ. ಅವತ್ತು ನಗಲಿಲ್ಲ. ಎರಡೂ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಕಣ್ಣು ಮುಚ್ಚಿದಳು.

ಮಗ ಮೂರು ಹಾಳೆಯನ್ನು ಒಟ್ಟಿಗೆ ಹಿಡಿದು ಮಗುಚಿದ. ಧ್ವನಿ ಅಲುಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಅಕ್ಕ ಈ ಯಂತ್ರವನ್ನು ಹೇಗೆ ಸಂಪಾದಿಸಿದಳು, ಮೊದಲು ಯಾರ ಬಟ್ಟೆ ಹೊಲಿದಳು ಎಂದು ಓದುತ್ತ ಹೋದ.

ಅಕ್ಕ ಕಣ್ಣು ತೆರೆದಳು. ಅರ್ಧ ಪುಟದ ತನಕ ಸುಮ್ಮನೆ ಅವನನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ, ಅವನ ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

"ಮಧ್ಯದಲ್ಲಿ ಏನೂ ಇಲ್ವಾ ಮಗಾ?" ಎಂದಳು.

"ಇಲ್ಲಮ್ಮ. ಅಷ್ಟೇ."

ಅವಳು ನಿಧಾನವಾಗಿ ಕಿವಿಯಮ್ಮನ ಕಡೆ ತಿರುಗಿದಳು. "ನಾನು ಅಷ್ಟೇನಾ ಹೇಳಿದ್ದು?"

ಮಗನೂ ಈಗ ತಲೆಯೆತ್ತಿ ನೋಡುತ್ತಿದ್ದ. ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಇಬ್ಬರಿಗೂ ಅವಳು ಮಾತು ಕೊಟ್ಟಿದ್ದಳು.

"ಅಷ್ಟೇ ಅಕ್ಕಾ" ಎಂದಳು.

ಅಕ್ಕ ಮತ್ತೆ ಕೇಳಲಿಲ್ಲ. ಉಳಿದದ್ದನ್ನೆಲ್ಲ ಇವತ್ತೇ ಓದಿ ಮುಗಿಸಿಬಿಡು ಎಂದಳು. ನಲವತ್ತಾರು ಮುಗಿಯುವ ತನಕ ಅಲ್ಲಾಡದೆ ಕೂತಿದ್ದಳು. ಎಲ್ಲಿ ಸಹಿ ಮಾಡಬೇಕು ಎಂದಾಗ ಮಗ ಬೆರಳಿಟ್ಟು ತೋರಿಸಿದ. ಒಂದೊಂದೇ ಅಕ್ಷರವನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದಳು. ಏನನ್ನೂ ತೆಗೆಯಬೇಕಾಗಿಲ್ಲ ಎಂಬ ಚೌಕದಲ್ಲಿ ಮಗನೇ ಗುರುತು ಹಾಕಿದ. ಆಮೇಲೆ ಟೀ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದ. ಅವನ ಬೆನ್ನು ಹಗುರಾಗಿ ಕಾಣುತ್ತಿತ್ತು.

ಕಿವಿಯಮ್ಮ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿಕೊಳ್ಳುವಾಗ ಅಕ್ಕ ಹೊಸ್ತಿಲ ತನಕ ಬಂದಳು. ಧ್ವನಿ ತಗ್ಗಿಸಿ, ಮುಗಿದುಹೋದ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು.

"ಅವನಿಗೆ ಗೊತ್ತಾಗಿದೆ. ಪುಟ ಇತ್ತು, ನೀವೇ ಕಿತ್ಕೊಳ್ಳೋಕೆ ಬಂದಿದ್ರಲ್ಲ. ಬಾಯಲ್ಲಿ ಅನ್ನೋಕೂ ಅಸಹ್ಯ ಆಯ್ತು ಅವನಿಗೆ ನನ್ನ ವಿಷಯ."

ಆಗ ಕಿವಿಯಮ್ಮನ ಹದಿನೇಳು ವರ್ಷದ ಪಾಠವೆಲ್ಲ ಒಮ್ಮೆಗೇ ಜಾರಿಹೋಯಿತು. ಅವಳು ಅಕ್ಕನ ಎರಡೂ ಕೈ ಹಿಡಿದುಕೊಂಡಳು. "ಅಲ್ಲ ಅಕ್ಕಾ, ಹಾಗಲ್ಲ. ನಿಮ್ಮನ್ನ ಕಳ್ಕೋಬಾರ್ದು ಅಂತ ಬಿಟ್ಟಿದ್ದು ಅವನು. ನೀವು ಏನಾದ್ರೂ ಮಾಡ್ಕೋತೀರಿ ಅಂತ ಹೆದರಿ. ಹಾಲು ತರೋಕೆ ಹೋದಾಗ ನನಗೆ ಅವನೇ ಹೇಳಿದ, ನನ್ನಾಣೆ."

ಅಕ್ಕ ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ, ಕನಿಕರವೇ ಇತ್ತು. ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

"ಈಗ ತಾನೇ ಅವನ ಎದುರಿಗೆ ಅಷ್ಟೇ ಅಂದ್ರಲ್ಲಮ್ಮ ನೀವು. ಮೊದಲು ನೀವು, ನಾನು ಇಷ್ಟೇ ಅಂದಿದ್ರಿ. ಇದನ್ನ ಹೇಗೆ ನಂಬಲಿ ಹೇಳಿ."

ಒಳಗಿನಿಂದ ಮಗ, ಅಮ್ಮಾ ಮೇಡಂ ಹೋದ್ರಾ ಎಂದು ಕೇಳಿದ. ಹೂಂ, ಹೊರಟರು ಎಂದು ಅಕ್ಕ ಬಾಗಿಲು ಹಾಕಿಕೊಂಡಳು.